ಭಂಡಾರ ಎತ್ತಿದ ಕೈ

ಮಹಾಂತ ತಟ್ಟೆಯೊಳಗಿನ ಭಂಡಾರವನ್ನು ಮುಷ್ಟಿ ತುಂಬ ಎತ್ತಿದ. ಅವನ ಕೈ ನಡುಗಲಿಲ್ಲ. ಬೀರದೇವರ ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಅರಿಸಿನದ ಪುಡಿ ಬೆರಳಸಂದಿಯಿಂದ ಸೋರಿ ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಉದುರಿತು.

"ಆಲಿಕಲ್ಲ ಮಳಿ ಹೊಡೀತಿತ್ರಿ. ಗಾಡಿ ಮುಂದಿನ ಕಾಚಿನಾಗ ಏನೂ ಕಾಣತಿದ್ದಿಲ್ಲ. ಕುರಿ ಬೆದರಿ ಒಮ್ಮಿಗೇ ರಸ್ತೆಕ್ಕ ನುಗ್ಗಿದವು. ಅವುಗಳ ಹಿಂದ ಅವರೂ ಓಡಿಬಂದ್ರು. ನಂದೇನೂ ತಪ್ಪಿಲ್ಲ. ಬೀರಪ್ಪನ ಆಣಿ." ಶಾಲೆಯ ಹುಡುಗ ಪದ್ಯ ಒಪ್ಪಿಸುವಂತೆ ಒಂದೇ ಉಸಿರಿಗೆ ಒಪ್ಪಿಸಿ, ಕೈ ಝಾಡಿಸಿಕೊಂಡ.

ಕಟ್ಟೆಯ ಕೆಳಗೆ ಹೆಂಗಸರ ನಡುವೆ ಕೂತಿದ್ದ ಹಾಲವ್ವ ಗುಡಿಯ ಬಾಗಿಲ ಕಡೆ ನೋಡಿದಳು. ದೇವರು ಇದ್ದಲ್ಲೇ ಇದ್ದ. ದೀಪದ ಕುಡಿ ಕೂಡ ಅಲುಗಲಿಲ್ಲ.

ಈ ಭಂಡಾರ ಎತ್ತಿಸಿರೆಂದು ಕೇಳಿದವಳು ಅವಳೇ. ಸತ್ತ ಗಂಡ ಅಮೋಗಸಿದ್ದನ ದಿನಕರ್ಮ ಮುಗಿಯುತ್ತಲೇ ಮಹಾಂತನ ಸೋದರಮಾವ ಶ್ರೀಶೈಲಪ್ಪ ಊರಿನ ಹಿರಿಯರನ್ನು ಕೂಡಿಸಿಕೊಂಡು ಮನೆಗೆ ಬಂದಿದ್ದ. ಪೊಲೀಸರ ಪಂಚನಾಮೆ ಆಗಿತ್ತು. ಕಣ್ಣಾರೆ ಕಂಡ ಹಾಲವ್ವ ಠಾಣೆಯಲ್ಲಿ ಕೊಡಬೇಕಾದ ಜಬಾಬಷ್ಟೇ ಬಾಕಿ. ಮಳೆ ಮಾಡಿದ ಕೆಲಸ ಅಂತ ಒಂದು ಮಾತು ಹೇಳಿಬಿಡವ್ವ ಎಂದು ಕೇಳಲು ಬಂದವರಿಗೆ ಅವಳು, "ಭಂಡಾರ ಎತ್ತಿ ಹೇಳಲಿ. ಅವ ಏನ್ ಹೇಳ್ತಾನ ಅದನ್ನ ನಾನೂ ಹೇಳ್ತೀನಿ," ಎಂದಿದ್ದಳು. ಕುಣಿಕೋಣೂರಿನ ಕುರುಬರಲ್ಲಿ ಭಂಡಾರ ಹಿಡಿದು ಸುಳ್ಳು ಹೇಳಿದವರನ್ನು ಅವಳು ಕಂಡಿರಲಿಲ್ಲ. ಟಗರು ಕದ್ದವನು ಸಹ ಈ ತಟ್ಟೆಯ ಮುಂದೆ ಬಂದಾಗ ಬೆವತು, ಅತ್ತು, ಕದ್ದದ್ದನ್ನು ಒಪ್ಪಿಕೊಂಡಿದ್ದ. ಎಲ್ಲರ ಕೈಯೂ ಹಾಗೇ ಇರುತ್ತದೆಂದು ಅವಳು ನಂಬಿದ್ದಳು.

ಆ ದಿನ ಡಫಳಾಪುರದ ರಸ್ತೆಯಲ್ಲಿ ಮಧ್ಯಾಹ್ನವೇ ಕತ್ತಲಾಗಿ ಆಲಿಕಲ್ಲು ಬಿದ್ದಿತ್ತು. ಕುರಿಗಳು ರಸ್ತೆಯ ಅಂಚಿಗೆ ಒತ್ತಿಕೊಂಡು, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ಹುದುಗಿಸಿ, ನೆಟ್ಟ ಕಲ್ಲಿನಂತೆ ನಿಂತಿದ್ದವು. ಅಮೋಗಸಿದ್ದ ಹಿಂಡಿನ ಮುಂದೆ ನಿಂತು ಕಂಬಳಿ ಬೀಸುತ್ತಿದ್ದ. ಎದುರಿಗೆ ಬಂದ ಕಾರಿನ ದೀಪ ಹೊತ್ತಿರಲಿಲ್ಲ. ಅದರ ಓಟ ಒಂದಿಷ್ಟೂ ತಗ್ಗಲಿಲ್ಲ. ಗುದ್ದಿದ ಮೇಲೆ ಬಾಗಿಲು ತೆಗೆದು ಇಳಿದ ಇದೇ ಮಹಾಂತ, ಮುಖದಲ್ಲಿ ರಕ್ತವೇ ಇಲ್ಲದವನಂತೆ, "ದೂರಿಂದ ಕಂಡಿದ್ರಿ... ಸರೀತಾರ ಅನ್ಕೊಂಡ್ನಿ," ಎಂದಿದ್ದ. ಆ ಮಾತು ಕೇಳಿಸಿದ್ದು ಹಿಂಡಿನ ಹಿಂದಿನಿಂದ ಓಡಿ ಬಂದಿದ್ದ ಹಾಲವ್ವನೊಬ್ಬಳಿಗೇ. ಅಮೋಗಸಿದ್ದನಿಗೆ ಅಷ್ಟು ಹೊತ್ತಿಗೆ ಏನೂ ಕೇಳಿಸುತ್ತಿರಲಿಲ್ಲ.

"ಆತಲ್ಲ, ಮುಗೀತು," ಎನ್ನುತ್ತ ಅಮೋಗಸಿದ್ದನ ಅಣ್ಣ, ಗುಡಿಯ ಪೂಜಾರಿ ಮಾಳಪ್ಪ ತಟ್ಟೆ ಹಿಡಿದು ಕೆಳಗಿಳಿದು ಬಂದ. "ತಗೋ ತಂಗಿ, ಹಣಿಗೆ ಹಚ್ಚಿಕೋ."

ಹಾಲವ್ವ ಕೈ ಚಾಚಲಿಲ್ಲ.

ಶ್ರೀಶೈಲಪ್ಪ ಮೆತ್ತಗೆ ಕೆಮ್ಮಿದ. "ಬರೂ ಅಮಾಸಿಗೆ ಗುಡ್ಡಾಪುರದಾಗ ನಿಮ್ಮ ಯಜಮಾನರ ಹೆಸರಲೆ ದಾಸೋಹ ಮಾಡಸ್ತೀನವ್ವಾ. ತಾಯಿ ದಾನಮ್ಮ ಅವರ ಆತ್ಮಕ್ಕ ಶಾಂತಿ ಕೊಡ್ಲಿ. ಆಕಾಶ ಮಾಡಿದ್ದಕ್ಕ ಮನಷ್ಯಾ ಏನ್ ಮಾಡ್ಯಾನು?"

"ಗಾಡಿ ಮೆಲ್ಲಕ ಹೊಡದಾನು!"

ಅವಳ ದನಿಗೆ ಗುಡಿಯ ಹಿಂದಿನ ಬೇವಿನಿಂದ ಕಾಗೆಗಳು ಎದ್ದವು. ಹಾಲವ್ವ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು. "ಮೆಲ್ಲಕ ಹೊಡದಾನು ಮನಷ್ಯಾ! ದೀಪಾ ಹಚ್ಚ್ಯಾನು! ಕಾಣಲಿಲ್ಲಂದ್ರ ನಿಂತಾನು! ನನ್ನ ಗಂಡನ ಹೆಸರಲೆ ಊರಿಗೆ ಹುಗ್ಗಿ ಉಣ್ಣಸ್ತೀರಿ, ಕುರಿ ಹಿಂದ ಹುಚ್ಚರಂಗ ಓಡಿಬಂದು ಸತ್ತ ಅಂತ ಅವನ ಮ್ಯಾಲೇ ಹೊರಸ್ತೀರಿ? ಹುಟ್ಟಿದಾಗಿಂದ ಕುರಿ ಕಾಯ್ದಾಂವ ಅಂವ. ನಿಮ್ಮ ಹುಗ್ಗಿ ನೀವ ಉಣ್ಣರಿ." ಆಮೇಲೆ ಮಹಾಂತನ ಕಡೆ ತಿರುಗಿದಳು. "ಏ ತಮ್ಮಾ, ಅವತ್ತ ನನಗ ಏನಂದಿ? ದೂರಿಂದ ಕಂಡಿತ್ತು ಅಂದಿಲ್ಲೇನ? ಈಗ ನನ್ನ ಮಾರಿ ನೋಡಿ ಹೇಳ."

ಮಹಾಂತ ಅವಳ ಮುಖ ನೋಡಲಿಲ್ಲ. ಪ್ಯಾಂಟಿಗೆ ಹತ್ತಿದ ಅರಿಸಿನವನ್ನು ಉಗುರಿನಿಂದ ಕೆರೆಯುತ್ತಿದ್ದ.

"ಭಂಡಾರ ಎತ್ಸು ಅಂದಾಕಿ ನೀನ ಅಲ್ಲೇನ?" ಎಂದಳು ಮಾಳಪ್ಪನ ಹೆಂಡತಿ ರುಕ್ಮವ್ವ. "ಈಗ ಒಲ್ಲೆ ಅಂದ್ರ ದೇವರಿಗೆ ಏನ್ ಮಾರಿ ತೋರಸ್ತಿ?"

"ಇದ ಮಾರಿ ತೋರಸ್ತೀನಕ್ಕಾ. ಅಂವ ಏನ್ ಮಾರಿ ತೋರಸ್ತಾನ ಕೇಳ."

ಮಾಳಪ್ಪ ತಟ್ಟೆಯನ್ನು ಅವಳ ಮುಂದೆ ಇನ್ನಷ್ಟು ಚಾಚಿದ. "ಹಾಲವ್ವಾ, ಭಂಡಾರ ಎತ್ತಿದ ಮ್ಯಾಲೆ ಠಾಣೆದ ಪಾವಟಿಗಿ ಹತ್ತಿದವರು ನಮ್ಮ ಕುಲದಾಗ ಇಲ್ಲ. ಹತ್ತಿದಿ ಅಂದ್ರ ನಿನ್ನ ಕುರಿ ಬ್ಯಾರೆ, ನಮ್ಮ ಕುರಿ ಬ್ಯಾರೆ. ನಮ್ಮ ದೊಡ್ಡಿಗೆ ನಿನ್ನ ಮರಿ ಬರೂದ ಬ್ಯಾಡ. ಮುಂದ ನಿನ್ನ ಮಗಳು ಕಾಜಲ್‌ನ ಮದಿವಿಗೆ ಕಂಬಳಿ ಹಾಸಾಕ ನಾ ಬರಂಗಿಲ್ಲ."

ಹಾಲವ್ವ ಭಾವನನ್ನು ನೋಡಿದಳು. ಗಂಡನ ಮೂಗೇ, ಗಂಡನ ಹುಬ್ಬೇ. ಮದುವೆಯಾಗಿ ಬಂದಾಗಿನಿಂದ ಈ ಮುಖಕ್ಕೆ ಎದುರು ಮಾತಾಡಿದವಳಲ್ಲ. ತಟ್ಟೆಯಿಂದ ಚಿಟಿಕೆ ಭಂಡಾರ ತೆಗೆದು, ಕಣ್ಣುಮುಚ್ಚಿ, ಹಣೆಗೆ ಒತ್ತಿಕೊಂಡಳು. ಕಟ್ಟೆಯ ಮೇಲಿನವರಿಗೆ ಜೀವ ಬಂದಂತಾಯಿತು.

"ಇದು ಬೀರಪ್ಪಂದು, ಅದಕ್ಕ ಹಚ್ಚಿಕೊಂಡೆ," ಎಂದಳು. "ಅಂವ ದೇವರನ್ನ ಸಾಕ್ಷಿ ಇಟ್ಟು ಸುಳ್ಳ ಹೇಳ್ಯಾನ. ದೇವರು ಠಾಣೆಕ್ಕ ಹೋಗಂಗಿಲ್ಲ. ನಾ ಹೋಗ್ತೀನಿ."

ಯಾರೂ ಅಡ್ಡ ಬರಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ. ಹೆಂಗಸರ ಮೊಣಕಾಲು ದಾಟಿಕೊಂಡು ಹೊರಬಂದರೆ, ಮಗಳು ಕಾಜಲ್ ಅವಳ ಚಪ್ಪಲಿಗಳನ್ನು ರಾಶಿಯಿಂದ ಹುಡುಕಿ ತಂದು, ಬಗ್ಗಿ, ಕಾಲ ಮುಂದೆ ಜೋಡಿಸಿ ಇಡುತ್ತಿದ್ದಳು.

ಜತ್ತದ ಠಾಣೆಯಲ್ಲಿ ಸುನಿತಾ ಎಂಬ ಹವಾಲ್ದಾರಳು ಜಬಾಬು ಬರೆದುಕೊಂಡಳು. ಮಧ್ಯೆ ಒಮ್ಮೆ ತಲೆಯೆತ್ತಿ, "ಅಂವ ಹಂಗಂದದ್ದು ನೀವೊಬ್ರ ಕೇಳೀರಿ. ಕೋರ್ಟಿನಾಗ ವಕೀಲರು ಭಾಳ ತಿರಿವ್ಯಾಡಿ ಕೇಳ್ತಾರ ನೋಡ್ರಿ ಮಾವಶಿ," ಎಂದಳು.

"ಕೇಳ್ಲಿ. ಎಷ್ಟ ಸಲ ಕೇಳಿದ್ರೂ ಅದ ಹೇಳ್ತೀನಿ."

"ಮಳಿ ಇತ್ತು?"

"ಇತ್ರಿ. ಸ್ಟೇರಿಂಗ್ ಮಳಿ ಹಿಡದಿದ್ದಿಲ್ಲ."

ಸುನಿತಾ ನಗಲಿಲ್ಲ. "ಮಳಿ ಇತ್ತಂದ್ರ ಇನ್ನಷ್ಟ ಸಾವಕಾಶ ಹೊಡೀಬೇಕು. ಕಾಯದಾನೂ ಅದನ್ನ ಹೇಳತೈತಿ," ಎಂದು ಮರಾಠಿಯಲ್ಲಿ ಬರೆದದ್ದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಳು. ಹಾಲವ್ವನ ಸಿಟ್ಟು ಮಾತ್ರ ಆ ಕಾಗದಕ್ಕೆ ಇಳಿಯಲಿಲ್ಲ. ಅದು ಅವಳ ಜೊತೆಗೇ ಎದ್ದು, ಸ್ಟ್ಯಾಂಡಿಗೆ ನಡೆದು, ಎಸ್ಟಿ ಬಸ್ಸು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಅವಳಿಗೂ ಮಗಳಿಗೂ ನಡುವೆ ಕೂತಿತು.

ಊರು ದಾಟಿ ಬಯಲಿಗೆ ಬೀಳುವಷ್ಟರಲ್ಲಿ ಗಾಳಿಯೆದ್ದಿತು. ಮೊದಲು ಧೂಳು, ಹಿಂದೆಯೇ ಮಳೆ. ಗಾಜಿನ ಮೇಲೆ ನೀರು ಬಿಂದಿಗೆಯಿಂದ ಸುರಿದಂತೆ ಇಳಿಯತೊಡಗಿತು. ಹಾಲವ್ವ ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಡ್ರೈವರ್ ದೀಪ ಹಾಕಿದ, ಗೇರು ಇಳಿಸಿದ, ಆಮೇಲೆ ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿಯೇಬಿಟ್ಟ.

"ಏನಾತ್ರಿ, ಪಂಚರ್?" ಹಿಂದಿನಿಂದ ಒಬ್ಬ ಕೂಗಿದ.

"ಕಾಣವಲ್ದು."

"ಅಯ್ಯ, ಸಾವಕಾಶ ನಡಸ್ರಿ ಅಲ್ಲಾಭಕ್ಷಣ್ಣಾ, ನಮಗ ಅರಿಸಿನ ಹಚ್ಚೂ ಕಾರ್ಯಾ ಐತಿ!"

"ಮದಿಮಗ ನೀ ಏನಲ್ಲಲ್ಲ? ಮತ್ಯಾಕ ಅವಸರ? ಕುಂದ್ರು."

ಬಸ್ಸಿನೊಳಗೆ ನಗು ಎದ್ದಿತು. ಯಾರೋ ಶೇಂಗಾದ ಪೊಟ್ಟಣ ಬಿಚ್ಚಿದರು. ಅಲ್ಲಾಭಕ್ಷ ಎಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ಎರಡೂ ಮೊಣಕೈಯೂರಿ ಸುಮ್ಮನೆ ಹೊರಗೆ ನೋಡುತ್ತ ಕೂತ. ಹಾಲವ್ವ ಅವನ ಬೆನ್ನನ್ನು, ಕೊರಳಪಟ್ಟಿಯ ಹರಿದ ಹೊಲಿಗೆಯನ್ನು, ಬಹಳ ಹೊತ್ತು ನೋಡಿದಳು. ಕಂಬಿ ಹಿಡಿದ ಅವಳ ಬೆರಳುಗಳು ಯಾವಾಗ ಸಡಿಲಾದವೋ ಅವಳಿಗೆ ಗೊತ್ತಾಗಲಿಲ್ಲ.

ಗಾಜಿನಾಚೆ, ಬಸ್ಸಿನ ಮೂತಿಗೆ ಮಾರು ದೂರದಲ್ಲಿ, ಮಳೆಯೊಳಗಿಂದ ಒಬ್ಬ ಹೆಂಗಸು ಮೂಡಿದಳು. ತಲೆಯ ಮೇಲೆ ತೊಯ್ದ ಜೋಳದ ಕಣಿಕೆಯ ಹೊರೆ, ಹಿಂದೆ ಹಗ್ಗವಿಲ್ಲದ ಎಮ್ಮೆಕರು. ನಿಂತ ಬಸ್ಸನ್ನು ಕಣ್ಣೆತ್ತಿಯೂ ನೋಡದೆ ರಸ್ತೆ ದಾಟಿ, ಕರುವಿಗೆ ಏನೋ ಬೈಯುತ್ತ, ಆಚೆಯ ಹೊಲದೊಳಗೆ ಇಳಿದು ಹೋದಳು.