ಗಣಿತದ ಪೋಸ್ಟು ಖಾಲಿ ಇರುವ ಕಥೆ

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ಕಾರವಾರದ ಸಮುದ್ರದಿಂದ ಶುರು ಮಾಡೋಣವೆಂದು ಒಂದು ಪುಟದ ತುಂಬ ತೆರೆ, ಗಾಳಿಮರ, ಸೂರ್ಯಾಸ್ತ ಎಲ್ಲ ಬರೆದೆ. (ಚೆನ್ನಾಗಿಯೇ ಬಂದಿತ್ತು, ನಂಬಿ.) ಅಷ್ಟರಲ್ಲಿ ಕಥಾನಾಯಕಿ ಮಂದಾಕಿನಿ ಅಕ್ಕೋರು ಕೆಮ್ಮಿದರು.

"ಸಮುದ್ರ ಎಂತಕ್ಕೆ? ನಮ್ಮ ಶಾಲೆ ಇರೂದು ಅಗಸೂರಿನ ಬದಿಗೆ. ಅಲ್ಲಿಂದ ಸಮುದ್ರ ಕಾಣೂದೇ ಇಲ್ಲ."

ಆ ಪುಟವನ್ನು ಹೊಡೆದು ಹಾಕಿದೆ.

೨.
ಸರಿ, ನೇರವಾಗಿ ಹೇಳುತ್ತೇನೆ. ೨೦೦೭ರ ಜೂನ್. ಮಂದಾಕಿನಿ ಅಕ್ಕೋರು ಅಂಕೋಲಾ ತಾಲೂಕಿನ ಒಂದು ಹೈಸ್ಕೂಲಿನ ಮುಖ್ಯಾಧ್ಯಾಪಕಿ. ಗಣಿತದ ಮಾಸ್ತರು ವರ್ಗವಾಗಿ ಹೋಗಿದ್ದಾರೆ. ಮೇಲಿನಿಂದ ಆದೇಶ ಬಂದಿದೆ: ಸಿಲೆಬಸ್ ಪೂರ್ತಿ ಮುಗಿಸಬೇಕು, ವಾರ್ಷಿಕ ಯೋಜನೆ ಕೂಡಲೇ ಕಳಿಸಬೇಕು, ಹೊಸ ಪೋಸ್ಟು ಮಾತ್ರ ಕೇಳಬಾರದು. ಬಜೆಟ್ಟಿನಲ್ಲಿ ಹಣ ಇರುವುದು ಆಟದ ಸಾಮಾನಿಗೆ. ಹಾಗಾಗಿ ಶಾಲೆಗೆ ವಾಲಿಬಾಲ್ ಬಂದಿವೆ, ತ್ರಿಕೋನಮಿತಿ ಬಂದಿಲ್ಲ.

ಹತ್ತನೇ ಕ್ಲಾಸಿನ ರೂಪಾಲಿಗೆ ಕಾರವಾರದಲ್ಲಿ ಡಿಪ್ಲೊಮಾ ಓದುವ ಆಸೆ. ಗಣಿತದಲ್ಲಿ ಒಳ್ಳೆ ಮಾರ್ಕ್ಸ್ ಬರದಿದ್ದರೆ ಅವಳು ಅವ್ವನ ಜೊತೆ ಕಂಡವರ ಗದ್ದೆಗೆ ಕೂಲಿಗೆ ಹೋಗಬೇಕು. ಇದು ತಮಾಷೆಯ ಕಥೆ. ಆದರೆ ಈ ಮಾತು ತಮಾಷೆಯದಲ್ಲ.

೩.
ಅಕ್ಕೋರು ಟೈಮ್ ಟೇಬಲ್ ಹಾಕಲು ಕೂತರು. ಖಾಲಿ ಪಿರಿಯಡ್ ಇದ್ದದ್ದು ಪಿ.ಟಿ. ಮಾಸ್ತರು ಗಿರಿಧರರಿಗೆ ಮಾತ್ರ.

"ಗಣಿತ ನೀವು ತಕಳ್ಳಿ ಸರ್."

"ನಾನಾ? ಅಕ್ಕೋರೇ, ನನ್ಗೆ ಲೆಕ್ಕ ಅಂದ್ರೆ ಚಳಿಜ್ವರ!"

"ಕಬಡ್ಡೀಲಿ ಪಾಯಿಂಟ್ ಎಣಿಸ್ತ್ರಲ್ಲ?"

"ಅದಕ್ಕೂ ರೂಪಾಲೀನೇ ಕೂರ್ಸೂದು."

(ಇಲ್ಲಿ ಓದುಗರು ನಗಬೇಕು. ನಗದಿದ್ದರೆ ತಪ್ಪು ನನ್ನದು, ಗಿರಿಧರರದ್ದಲ್ಲ.)

೪.
ಕಥೆಗೆ ಕಳೆ ಬರಲಿ ಎಂದು ಬಸಳೆ ಮಾರುವ ಸೋಮಿಯನ್ನೂ ಒಂದು ಕುಂಟು ನಾಯಿಯನ್ನೂ ಶಾಲೆಯ ಗೇಟಿಗೆ ತಂದು ನಿಲ್ಲಿಸಿದೆ.

"ಇವ್ರಿಗೆ ಇಲ್ಲಿ ಎಂತಾ ಕೆಲ್ಸ?" ಅಕ್ಕೋರು ಕೇಳಿದರು.

"ಇದ್ದರೆ ಚೆಂದ, ಅಕ್ಕೋರೇ."

"ಬೇಕಾದ ಪೋಸ್ಟು ಖಾಲಿ ಬಿಟ್ಟು ಚೆಂದದ ಪೋಸ್ಟು ತುಂಬ್ಸಿದ್ರಿ. ನಿಮ್ಗೂ ಮೇಲಿನವ್ರಿಗೂ ಎಂತಾ ಫರಕು ಮಾರಾಯ್ರೇ?"

ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು. ಸೋಮಿ ಬುಟ್ಟಿ ಎತ್ತಿಕೊಂಡು ನನ್ನನ್ನೇ ಬೈಯುತ್ತ ಹೊರಟಳು. ನಾಯಿಯೂ ಅವಳ ಹಿಂದೆ ಹೋಯಿತು.

೫.
ಮುಕ್ತಾಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ.

(ಅ) ನಿಶಾ ಎಂಬ ಹೊಸ ಗಣಿತದ ಟೀಚರು ಅಂಕೋಲೆಯ ಬಸ್ಸಿನಿಂದ ಇಳಿಯುತ್ತಾಳೆ. "ಬಜೆಟ್ಟಿಲ್ದೇ ಪೋಸ್ಟಾ? ಸುಳ್ಳಿಗೂ ಒಂದು ಮಿತಿ ಬೇಕು," ಎಂದರು ಅಕ್ಕೋರು. ನಿಶಾ ಅದೇ ಬಸ್ಸಿಗೆ ವಾಪಸಾದಳು.

(ಆ) ರೂಪಾಲಿ ಫೇಲಾಗುತ್ತಾಳೆ. ಆಧುನಿಕೋತ್ತರ ಕಥೆಗೆ ಇದು ಚೆನ್ನಾಗಿ ಒಪ್ಪುತ್ತದೆ. "ನಿಮ್ಮ ಕಥೆಗೆ ಒಪ್ತದೆ ಅಂತ ನಾ ಫೇಲಾಗೂದಾ?" ಎಂದಳು ಹುಡುಗಿ. ಬರೆಯಲು ಕೈ ಬರಲಿಲ್ಲ.

(ಇ) ಇದನ್ನು ಬರೆದದ್ದು ನಾನಲ್ಲ. ಅಕ್ಕೋರೇ ನನ್ನ ಪೆನ್ನು ಕಿತ್ತುಕೊಂಡರು. "ಮೊದಲ ಸಾಲಿನಿಂದ ಈ 'ನಾನು' ಅನ್ನೋರು ಸುಮ್ನೇ ಕೂತಿದ್ರು. ಸಂಬ್ಳ ಕೊಡೂದು ಬೇಡ, ಪೋಸ್ಟು ಕೇಳೂದೂ ಬೇಡ. ಹತ್ತನೇ ಕ್ಲಾಸು, ಗಣಿತ, ಮೊದಲ ಪಿರಿಯಡ್!" ಸಿಲೆಬಸ್ಸು, ಸಿಬ್ಬಂದಿ, ಬಜೆಟ್ಟು ಎಲ್ಲ ತಾಳೆಯಾಯಿತು. ಅಕ್ಕೋರು ಈ ಕಥೆಯಲ್ಲಿ ಮೊದಲ ಸಲ ನಕ್ಕರು.

೬.
ಕ್ಲಾಸಿಗೆ ಹೋದೆ. ನಿಜಕ್ಕೂ ಹೆದರಿದ್ದೆ. ರೂಪಾಲಿ ಚಾಕ್‌ಪೀಸ್ ಕೊಟ್ಟಳು.

"ಲೆಕ್ಕ ಬರ್ತದಾ ಸರ್?"

"ಸ್ವಲ್ಪ ಬರ್ತದೆ. ಆದರೆ ನನ್ನ ಪದ್ಧತಿ ಬೇರೆ. ಕೊನೆಯನ್ನು ಓದುಗರಿಗೇ ಬಿಟ್ಟುಬಿಡೂದು."

"ಪರೀಕ್ಷೇಲಿ ಅದು ನಡೆಯೂದಿಲ್ಲ ಸರ್. ಉತ್ತರ ಬರೀಬೇಕು."

ಇಡೀ ಕ್ಲಾಸು ಪೆನ್ನು ಹಿಡಿದು ಕಾದಿತ್ತು. ಹೊರಗೆ ಗಿರಿಧರರು ಸೀಟಿ ಊದುವುದನ್ನು ನಿಲ್ಲಿಸಿ ಕಿಟಕಿಯಲ್ಲಿ ಇಣುಕಿದರು. ನಾನು ಬೋರ್ಡಿನ ಮೇಲೆ ತ್ರಿಕೋನ ಬರೆದೆ. ದತ್ತ ಬರೆದೆ, ಸಾಧನೀಯ ಬರೆದೆ. ಈ ಹುಡುಗಿಗಾಗಿ ಒಂದು ಸಲವಾದರೂ ಕೊನೆ ಮುಟ್ಟಬೇಕೆಂದು ಆಸೆಯಾಯಿತು. ಒಂದೊಂದೇ ಸಾಲು ಇಳಿದು, "ಆದ್ದರಿಂದ" ಎಂದು ಬರೆದು, ಚಾಕ್‌ಪೀಸನ್ನು ಬೋರ್ಡಿಗೆ ಒತ್ತಿ ನಿಂತಿದ್ದೇನೆ.

ಅಳಿಸಿ ಬೇರೆ ಕರಡು ಶುರು ಮಾಡೋಣವೆಂದರೆ, ರೂಪಾಲಿ ಡಸ್ಟರ್ ಬಚ್ಚಿಟ್ಟಿದ್ದಾಳೆ.