ಐದನೆಯ ಅಡಾಪ್ಟರ್

ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿ ಹಿಡಿದು ದಾಲ್ವಾ ಕಣ್ಣು ಮುಚ್ಚಿದಳು. ಫರೋಲ್ ಹಾಡುತ್ತಿದ್ದ. ಸತ್ತು ನಾಲ್ಕು ತಿಂಗಳಾದ ಅವಳ ಹಕ್ಕಿ ಫೋನಿನೊಳಗೆ ಮೊದಲಿನಷ್ಟೇ ನಿಧಾನವಾಗಿ, ಒಂದೊಂದು ಸ್ವರವನ್ನೂ ತೊಳೆದು ಇಟ್ಟಂತೆ ಹಾಡಿ ಮುಗಿಸಿತು. ಮುಂದಿನ ಸುತ್ತಿಗೆ ಮೊದಲು ಎಂಟು ಸೆಕೆಂಡುಗಳ ಮೌನವಿತ್ತು. ಅವಳು ಈ ಬೀದಿಗೆ ಬಂದದ್ದು ಹಾಡನ್ನು ಕೇಳಲಿಕ್ಕಲ್ಲ, ಆ ಎಂಟು ಸೆಕೆಂಡುಗಳನ್ನು ಕೇಳಲಿಕ್ಕೆ.

"ಏನಾದ್ರೂ ಸದ್ದು ಬರ್ತಿದೆಯಾ?" ಎಂದಳು ಕೌಂಟರಿನ ಹುಡುಗಿ. ಅವಳ ಉಗುರುಗಳಿಗೆಲ್ಲ ಗಿಣಿಹಸಿರು ಬಣ್ಣ.

"ನನಗೇನೂ ಕೇಳಿಸ್ತಿಲ್ಲ."

"ಮತ್ತಿನ್ನೇನು? ಸದ್ದಿಲ್ಲದ ಅಡಾಪ್ಟರ್ ಬೇಕು ಅಂದ್ರಿ, ಸದ್ದಿಲ್ಲ. ಕಟ್ಟಿಕೊಡ್ಲಾ?"

"ನನಗೆ ಕೇಳಿಸ್ತಿಲ್ಲ ಅಂದೆ ಕಣಮ್ಮ. ಸದ್ದಿಲ್ಲ ಅಂತ ಅನ್ನಲಿಲ್ಲ."

ಹುಡುಗಿ ತನ್ನ ಪಕ್ಕದವಳ ಕಡೆ ನೋಡಿದಳು. ಪಕ್ಕದವಳು ದಾಲ್ವಾಳ ಕಾಲಬುಡದಲ್ಲಿದ್ದ, ಕಂದುಬಣ್ಣದ ಬಟ್ಟೆ ಹೊದಿಸಿದ ಪಂಜರದ ಕಡೆ ನೋಡಿದಳು. ಸಾವ್ ಪಾವ್ಲು ನಗರದ ಸಾಂತಾ ಇಫಿಜೇನಿಯಾ ಬೀದಿಯಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಸ್ಪೀಕರು ಇನ್ನೊಂದನ್ನು ಮೀರಿಸಿ ಕೂಗುತ್ತಿತ್ತು. ಎಳೆಯ ಕಿವಿಗಳಿಗೂ ಅಲ್ಲಿ ಸಣ್ಣ ಸದ್ದೊಂದನ್ನು ಹಿಡಿಯುವುದು ಕಷ್ಟವೇ.

ದಾಲ್ವಾಳ ಕಿವಿಗಳನ್ನು ಮೂವತ್ತೊಂದು ವರ್ಷಗಳ ಹೊಲಿಗೆ ಯಂತ್ರಗಳು ತಿಂದಿದ್ದವು. ಈಜುಡುಗೆ ಹೊಲಿಯುವ ಕಾರ್ಖಾನೆಯಲ್ಲಿ ನಲವತ್ತು ಯಂತ್ರಗಳ ನಡುವೆ ಕೂತು ಕೂತು, ಮೇಲಿನ ಸ್ಥಾಯಿಯ ಸದ್ದುಗಳೆಲ್ಲ ಒಂದೊಂದಾಗಿ ಅವಳನ್ನು ಬಿಟ್ಟು ಹೋಗಿದ್ದವು. ಡಾಕ್ಟರು ತೋರಿಸಿದ ನಕ್ಷೆಯಲ್ಲಿ ಗೆರೆಯೊಂದು ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಸಾವ್ ಪಾವ್ಲುವಿನಿಂದ ಕಡಲಿಗಿಳಿಯುವ ಘಾಟಿಯ ಹಾಗೆ ಜಾರಿಬಿಟ್ಟಿತ್ತು. ಮನುಷ್ಯರ ಮಾತು ಕೇಳಿಸುತ್ತದೆ, ಮಳೆ ಕೇಳಿಸುತ್ತದೆ, ಅವಳು ಹಾಡಿಗಾಗಿ ಸಾಕುವ ಕುರಿಯೋ ಹಕ್ಕಿಯ ಹಾಡೂ ಕೇಳಿಸುತ್ತದೆ. ಸೊಳ್ಳೆ ಕೇಳಿಸುವುದಿಲ್ಲ. ಅದೊಂದು ಅನುಕೂಲವೆಂದೇ ಅವಳು ಬಹಳ ದಿನ ಅಂದುಕೊಂಡಿದ್ದಳು.

ಹೋದ ವರ್ಷದ ಸ್ಪರ್ಧೆಯವರೆಗೆ. ಕಡಲತೀರದ ತನ್ನೂರು ಸಾವ್ ವಿಸೇಂತಿಯ ಹಕ್ಕಿ ಸಂಘದಲ್ಲಿ ಅವಳೊಬ್ಬಳೇ ಹೆಂಗಸು. ಭಾನುವಾರ ಬೆಳಿಗ್ಗೆ ಕಂಬಕ್ಕೆ ಪಂಜರ ತೂಗುಹಾಕಿದಾಗ ಅವಳ ಎಳೆಯ ಕುರಿಯೋ ಮರೂಜು ಎದೆಯುಬ್ಬಿಸಿ ಹಾಡಿದ್ದ. ಫರೋಲನ ಹಾಡು, ಒಂದು ಸ್ವರವೂ ತಪ್ಪದೆ. ದಾಲ್ವಾ ಹೆಮ್ಮೆಯಿಂದ ಸುತ್ತ ನೋಡಿದರೆ ಗಂಡಸರೆಲ್ಲ ಟೋಪಿಯ ಕೆಳಗೆ ನಗುತ್ತಿದ್ದರು. ತೀರ್ಪುಗಾರನಾಗಿ ಕುಳಿತಿದ್ದವನು ಅವಳ ಸ್ವಂತ ಅಣ್ಣ ಜುರಂದೀರ್. ಅವನು ಕಾಗದದ ಮೇಲೆ ಅಡ್ಡಗೆರೆ ಎಳೆದು, ತಂಗಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹಾಡಿನ ಬಾಲಕ್ಕೆ ಒಂದು ಸೊಳ್ಳೆ ಕಟ್ಟಿದಾನಲ್ಲೇ ನಿನ್ನ ಮಗ."

ಅಂದಿನಿಂದ ಸಂಘದವರ ಬಾಯಲ್ಲಿ ಮರೂಜುವಿನ ಹೆಸರು ಸೊಳ್ಳೆ ಎಂದೇ ಆಯಿತು. ತಪ್ಪು ಎಲ್ಲಾಯಿತೆಂದು ಹುಡುಕಲು ಒಂದು ವಾರ ಹಿಡಿಯಿತು. ಕುರಿಯೋ ಮರಿಯನ್ನು ಬೇರೆ ಯಾವ ಹಕ್ಕಿಯ ದನಿಯೂ ಬೀಳದ ಮರದ ಪೆಟ್ಟಿಗೆಯಲ್ಲಿಟ್ಟು, ಬೆಳಗಿನಿಂದ ಸಂಜೆಯವರೆಗೆ ಒಂದೇ ಹಾಡನ್ನು ಕೇಳಿಸುತ್ತಾರೆ. ಹಾಡುತ್ತಿದ್ದದ್ದು ದಾಲ್ವಾಳ ಫೋನು. ಹೊಸ ಫೋನಿನಲ್ಲಿ ಹೆಡ್‌ಫೋನಿನ ದುಂಡು ತೂತೇ ಇರಲಿಲ್ಲವಾದ್ದರಿಂದ ಪೆಟ್ಟಿಗೆಯ ಸ್ಪೀಕರಿಗೆ ಜೋಡಿಸಲು ಅಡಾಪ್ಟರ್ ತಂದಿದ್ದಳು. ಒಂದೇ ಬಾಯಿಗೆ ಎರಡು ಕವಲು, ಒಂದು ಹಾಡಿಗೆ, ಇನ್ನೊಂದು ಚಾರ್ಜಿಗೆ. ಜುರಂದೀರನೇ ಕೇಳಿ ಶುದ್ಧವಾಗಿದೆ ಎಂದು ಒಪ್ಪಿದ್ದ. ಆದರೆ ಅವನು ಕೇಳಿದಾಗ ಫೋನು ಚಾರ್ಜಿನಲ್ಲಿರಲಿಲ್ಲ. ದಿನವಿಡೀ ಹಾಡಬೇಕಾದ ಫೋನನ್ನು ಅವನು ಹೋದಮೇಲೆ ಅವಳು ಗೋಡೆಗೆ ಸಿಕ್ಕಿಸಿದಳು, ಗೋಡೆಯೊಳಗಿನ ಕರೆಂಟಿನ ಉಸಿರು ಸೊಳ್ಳೆಯ ದನಿಯಂಥ ಸಣ್ಣ ಎಳೆಯಾಗಿ ಹಾಡಿನೊಳಗೆ, ಆ ಎಂಟು ಸೆಕೆಂಡುಗಳ ಮೌನದೊಳಗೆ ಇಳಿಯಿತು. ಮನೆಯಲ್ಲಿ ಅದನ್ನು ಕೇಳುತ್ತಿದ್ದವನು ಮರೂಜು ಒಬ್ಬನೇ. ಶ್ರದ್ಧೆಯಿಂದ ಕೇಳಿದ. ಶ್ರದ್ಧೆಯಿಂದ ಕಲಿತ.

ಈಗ ಪೆಟ್ಟಿಗೆಯಲ್ಲಿ ಇನ್ನೊಂದು ಮರಿಯಿದೆ. ಈ ಸಲ ಉಳಿದದ್ದು ಅದೊಂದೇ. ಮೂವತ್ತೆಂಟು ದಿನ, ಇನ್ನೂ ಹೆಸರಿಲ್ಲ. ಫರೋಲನ ಹಾಡು ಈಗ ಲೋಕದಲ್ಲಿ ಎರಡೇ ಕಡೆ ಉಳಿದಿತ್ತು, ಫೋನಿನಲ್ಲಿ ಮತ್ತು ಮರೂಜುವಿನ ಗಂಟಲಲ್ಲಿ. ಮೊದಲನೆಯದಕ್ಕೆ ಸರಿಯಾದ ಅಡಾಪ್ಟರ್ ಬೇಕು. ಎರಡನೆಯದು ಮನೆ ಬಿಡಬೇಕು.

"ಮರಿ ಕಿವಿ ತೆರೀತು ಅಂದ್ರೆ ಬಿದ್ದದ್ದೆಲ್ಲ ಹಾಡೇ," ಎಂದಿದ್ದ ಜುರಂದೀರ್. "ಸೊಳ್ಳೆ ಮನೆಯಲ್ಲಿರೋ ತನಕ ನೀನು ಬಂಗಾರದ ವೈರು ತಂದ್ರೂ ಅಷ್ಟೇ." ಇದೇ ನಗರದ ಲೂಜ್ ರೈಲು ನಿಲ್ದಾಣದ ಹತ್ತಿರ ಬಾರೊಂದರ ಯಜಮಾನ ಅವನಿಗೆ ಪರಿಚಯ. ಹಕ್ಕಿ ಹೇಗೇ ಹಾಡಲಿ, ಬಾಟಲಿಗಳ ಸಾಲಿನ ಮೇಲೆ ತೂಗುಹಾಕುತ್ತಾನೆ. ವಿಳಾಸ ಬರೆದ ಚೀಟಿ ದಾಲ್ವಾಳ ಚೀಲದಲ್ಲಿತ್ತು, ಮರೂಜು ಕಾಲಬುಡದ ಪಂಜರದಲ್ಲಿದ್ದ. ಹನ್ನೊಂದು ದಿನದಿಂದ ಮರೂಜುವನ್ನು ಅವಳು ಬಚ್ಚಲುಮನೆಯಲ್ಲಿ ಎರಡು ಟವೆಲು ಹೊದಿಸಿ ಇಟ್ಟಿದ್ದಳು, ಹಾಡದಿರಲೆಂದು. ಸ್ನಾನಕ್ಕೆ ಹೋದಾಗೆಲ್ಲ ಅವನ ಎದುರು ಬಟ್ಟೆ ಬಿಚ್ಚಲು ಅವಳಿಗೆ ಯಾಕೋ ನಾಚಿಕೆಯಾಗುತ್ತಿತ್ತು.

ಚಾರ್ಜರ್ ಸಿಕ್ಕಿಸಿ ನೋಡಬೇಕು ಎಂದು ದಾಲ್ವಾ ಕೇಳಿದಾಗ ಹಸಿರುಗುರಿನ ಹುಡುಗಿ ಕೌಂಟರಿನಲ್ಲಿ ಪ್ಲಗ್ಗಿಲ್ಲ ಎಂದಳು. ಆಮೇಲೆ ಏನನ್ನಿಸಿತೋ, ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ತದಾವೊ ಅಂತ ಒಬ್ಬ ರಿಪೇರಿಯವರಿದ್ದಾರೆ, ಇಂಥ ತಲೆನೋವೆಲ್ಲ ಅವರಿಗೆ ಇಷ್ಟ ಎಂದು ದಾರಿ ತೋರಿಸಿದಳು.

ಹೊರಗೆ ಜಿನುಗುಮಳೆ ಹಿಡಿದಿತ್ತು. ಬೀಳುತ್ತಿದೆಯೋ ಗಾಳಿಯಲ್ಲಿ ನಿಂತಿದೆಯೋ ತಿಳಿಯದಂಥ ಮಳೆ. ಪಂಜರವನ್ನು ಎದೆಗವಚಿಕೊಂಡು ಬೀದಿ ದಾಟುವಾಗ ಅವಳಿಗೆ ನೀರಿನಡಿಯಲ್ಲಿ ನಡೆದಂತಾಯಿತು. ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಬಣ್ಣಬಣ್ಣದ ದೀಪಗಳು ಮೀನುಗಳಂತೆ ಹಾದುಹೋದವು. ಮೂರನೆಯ ಮಹಡಿಯಲ್ಲಿ ಬೀದಿಯ ಗದ್ದಲ ದೂರದ ಕಡಲಿನಷ್ಟಾಯಿತು.

ತದಾವೊ ಎಪ್ಪತ್ತು ದಾಟಿದ, ಬೆನ್ನು ಬಾಗಿದ ಮನುಷ್ಯ. ಹೊಟ್ಟೆ ಬಿಚ್ಚಿದ ರೇಡಿಯೋಗಳ ನಡುವೆ ಕೂತಿದ್ದರು. ಗಾಜಿನೊಳಗೆ ಕೆಂಪು ತಂತಿ ಕಾಯುವ ಹಳೆಯ ರೇಡಿಯೋಗಳು. ದಾಲ್ವಾ ಹೇಳಿದ್ದನ್ನೆಲ್ಲ ಅವರು ಅಡ್ಡಿಮಾಡದೆ ಕೇಳಿದರು. ಆಮೇಲೆ ಡ್ರಾಯರು ಎಳೆದು ಐದು ಅಡಾಪ್ಟರುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ತಂತಿ ಮಾತ್ರ ಕವಲೊಡೆದವು ಕೆಲವು, ಒಳಗೆ ಅಕ್ಕಿಕಾಳಿನಷ್ಟು ಚಿಪ್ ಇಟ್ಟವು ಕೆಲವು. ಕರೆಂಟೂ ಹಾಡೂ ಒಂದೇ ಓಣಿಯಲ್ಲಿ ನಡೆದರೆ ಮೈ ತಾಗುತ್ತದೆ, ಎರಡಕ್ಕೂ ನಡುವೆ ಗೋಡೆ ಕಟ್ಟಿದವನೇ ಒಳ್ಳೆಯ ಕೆಲಸಗಾರ, ಡಬ್ಬಿ ನೋಡಿದರೆ ಅದು ತಿಳಿಯುವುದಿಲ್ಲ ಎಂದರು.

"ಕೇಳೇ ನೋಡ್ಬೇಕು, ದೋನಾ ದಾಲ್ವಾ. ಕಷ್ಟ ಏನಪ್ಪಾ ಅಂದ್ರೆ, ನನ್ನ ಕಿವೀನೂ ನಿಮ್ಮ ಕಿವಿ ಥರದ್ದೇ."

"ಮತ್ತೆ ಇಷ್ಟು ಹೊತ್ತು ನನ್ನ ಮಾತೆಲ್ಲ ಯಾಕೆ ಕೇಳಿದ್ರಿ?"

"ಮಾತು ಕೇಳಿಸುತ್ತಲ್ಲ."

ಇಬ್ಬರೂ ನಕ್ಕರು. ನಗುತ್ತಲೇ ತದಾವೊ ಮೊದಲನೆಯ ಅಡಾಪ್ಟರನ್ನು ಫೋನಿಗೆ ಚುಚ್ಚಿ, ಒಂದು ಕವಲಿಗೆ ಮೇಜಿನ ಸ್ಪೀಕರು, ಇನ್ನೊಂದಕ್ಕೆ ಚಾರ್ಜರು ಸಿಕ್ಕಿಸಿದರು. ಹಾಡನ್ನಿನ್ನೂ ಹಾಕಿರಲಿಲ್ಲ. ಕೋಣೆಯಲ್ಲಿ ಏನೂ ಇರಲಿಲ್ಲ, ಕಿಟಕಿಯ ಮೇಲೆ ಮಳೆಯ ಹನಿಗಳು ಒಂದನ್ನೊಂದು ಕೂಡಿಕೊಂಡು ಇಳಿಯುತ್ತಿದ್ದವು, ಅಷ್ಟೆ.

ಬಟ್ಟೆಯ ಕೆಳಗಿನಿಂದ ಮರೂಜು ಹಾಡಿದ.

ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದವನು ಕತ್ತಲಲ್ಲೇ ಕೂತು, ಯಾರೋ ಹೆಸರು ಹಿಡಿದು ಕರೆದಂತೆ ಪೂರ್ತಿ ಒಂದು ಸುತ್ತು ಹಾಡಿದ. ದಾಲ್ವಾಗೆ ಥಟ್ಟನೆ ಹೊಳೆಯಿತು. ಮರೂಜು ಮರಿಯಾಗಿದ್ದಾಗ ದಿನಾ ಬೆಳಿಗ್ಗೆ ಅವಳು ಮೊದಲು ತಂತಿ ಸಿಕ್ಕಿಸಿ, ಕಾಫಿಗೆ ನೀರಿಟ್ಟು ಬಂದು, ಆಮೇಲೆ ಹಾಡು ಹಾಕುತ್ತಿದ್ದಳು. ಪೆಟ್ಟಿಗೆಯ ಕತ್ತಲಲ್ಲಿ ಅವನಿಗೆ ಮೊದಲು ಬರುತ್ತಿದ್ದದ್ದು ಕರೆಂಟಿನ ಆ ಸಣ್ಣ ಎಳೆ. ಅದರ ಹಿಂದೆ ಫರೋಲ್ ಬರುತ್ತಿದ್ದ.

ಅವಳು ಇದನ್ನು ತದಾವೊಗೆ ಬಿಡಿಸಿ ಹೇಳುವಷ್ಟರಲ್ಲಿ ಅವರು ಎರಡನೆಯ ಅಡಾಪ್ಟರನ್ನು ಕೈಗೆತ್ತಿಕೊಂಡಿದ್ದರು. ಮರೂಜು ಹಾಡಿದ. ಮೂರನೆಯದಕ್ಕೆ ಸ್ವಲ್ಪ ತಡೆದು ಹಾಡಿದ. ನಾಲ್ಕನೆಯದನ್ನು ಸಿಕ್ಕಿಸುತ್ತಿದ್ದಂತೆ, ತಂತಿ ಪೂರ್ತಿ ಒಳಗೆ ಹೋಗುವ ಮೊದಲೇ ಶುರುಮಾಡಿದ. ಇಬ್ಬರು ಮುದುಕರು ತೀರ್ಪುಗಾರನ ಎದುರು ನಿಂತ ಹಾಗೆ ಕೈಕಟ್ಟಿ ನಿಂತಿದ್ದರು.

ಐದನೆಯದು ಬೂದು ಬಣ್ಣದ, ಹುಣಸೆಬೀಜದ ಹಾಗೆ ಉಬ್ಬಿದ ಸಣ್ಣ ಡಬ್ಬಿ. ತದಾವೊ ಸಿಕ್ಕಿಸಿದರು. ಕೋಣೆ ಮೊದಲಿನ ಹಾಗೇ ಇತ್ತು. ಹತ್ತು ಎಣಿಸಿದರು. ಐವತ್ತು ಎಣಿಸಿದರು. ಚಾರ್ಜರು ಸರಿಯಾಗಿ ಕೂತಿದೆಯೇ ಎಂದು ಅವರು ಒತ್ತಿ ನೋಡಿದರು, ಫೋನಿನಲ್ಲಿ ಮಿಂಚಿನ ಗುರುತು ಬಂದಿತ್ತು. ದಾಲ್ವಾ ಬಟ್ಟೆಯನ್ನು ಮೆಲ್ಲಗೆ ಎತ್ತಿದಳು. ಮರೂಜು ಕೋಲಿನ ಮೇಲೆ ಕುಳಿತು ಸ್ಪೀಕರಿನ ಕಡೆ ಕತ್ತು ಓರೆಮಾಡಿಕೊಂಡಿದ್ದ. ಹಾಡುವ ಮನಸ್ಸಿಲ್ಲದವನ ಹಾಗೆ ಕಾಣಲಿಲ್ಲ. ಕಾಯುತ್ತಿದ್ದ.

ಇದೇ ಆಗಬಹುದು ಎಂದು ತದಾವೊ ಡಬ್ಬಿಯನ್ನು ಕಾಗದದ ಚೀಲಕ್ಕೆ ಹಾಕಿದರು. ದಾಲ್ವಾ ಚೀಲ ತೆಗೆದುಕೊಳ್ಳಲಿಲ್ಲ.

"ನಾಲ್ಕನೇದನ್ನ ಇನ್ನೊಂದು ಸಲ ಹಾಕ್ತೀರಾ?"

ಅವರು ಯಾಕೆಂದು ಕೇಳಲಿಲ್ಲ, ಹಾಕಿದರು. ಮರೂಜುವಿನ ಕಂದು ಎದೆ ಉಬ್ಬಿತು, ಕಪ್ಪು ತಲೆ ಹಿಂದಕ್ಕೆ ಬಾಗಿತು. ಈ ಸಲ ಅವನು ಒಂದಾದ ಮೇಲೊಂದು ಸುತ್ತು ಹಾಡಿದ, ಹನ್ನೊಂದು ದಿನದ್ದೆಲ್ಲ ಒಟ್ಟಿಗೆ. ದಾಲ್ವಾ ಪ್ರತಿ ಸುತ್ತಿನ ಕೊನೆಯಲ್ಲೂ ಉಸಿರು ಹಿಡಿದು ಆ ಸೊಳ್ಳೆಗಾಗಿ ಕಾದಳು. ಹಾಡು ಮುಗಿಯುತ್ತಿತ್ತು. ಹಕ್ಕಿಯ ಕೊಕ್ಕು ಇನ್ನೂ ಒಂದು ಗಳಿಗೆ ತೆರೆದೇ ಇರುತ್ತಿತ್ತು.

"ಇವನು ತಪ್ಪು ಹಾಡ್ತಾನೆ ಅಂದ್ರಲ್ಲ, ಎಲ್ಲಿ?" ಎಂದರು ತದಾವೊ.

"ಕೊನೆಗೆ. ಎಲ್ರೂ ಕೇಳಿದಾರೆ, ನಾನು ಕೇಳಿಲ್ಲ."

"ನಂಗೂ ಕೇಳಿಸ್ಲಿಲ್ಲ." ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ಹಾಗಿದ್ರೆ ಈ ಕೋಣೆಯೊಳಗೆ ಸರಿಯಾಗೇ ಹಾಡ್ತಿದಾನೆ."

ದಾಲ್ವಾ ಪಂಜರವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದಳು. ಆಮೇಲೆ, ಇಲ್ಲಿ ರಾತ್ರಿ ಯಾರಾದರೂ ಇರುತ್ತಾರೆಯೇ ಎಂದು ಕೇಳಿದಳು. ತಾನೇ ಇರುತ್ತೇನೆ, ಹಿಂದಿನ ಕೋಣೆಯಲ್ಲಿ, ಹೆಂಡತಿ ಹೋದಮೇಲೆ ಮನೆ ಬಿಟ್ಟೆ ಎಂದರು ತದಾವೊ. ಬೆಕ್ಕು? ಇಲ್ಲ. ಬಿಸಿಲು? ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯವರೆಗೆ ಈ ಕಿಟಕಿಗೆ ಬರುತ್ತದೆ, ಎದುರಿನ ಕಟ್ಟಡ ಬಿಟ್ಟರೆ.

"ಜೂನಿನವರೆಗೆ ಇವನು ಇಲ್ಲಿರಲಿ," ಎಂದಳು ದಾಲ್ವಾ. "ಸಾವ್ ಜುವಾವ್ ಹಬ್ಬದ ಹೊತ್ತಿಗೆ ಮರಿಯ ಹಾಡು ಗಟ್ಟಿಯಾಗುತ್ತೆ. ಆಮೇಲೆ ಬಂದು ಕರಕೊಂಡು ಹೋಗ್ತೀನಿ."

"ಜೂನಿನಲ್ಲಿ ನಾನು ಕೊಡ್ಬೇಕಲ್ಲ," ಎಂದರು ತದಾವೊ.

ಅವಳು ಕಾಳಿನ ಪೊಟ್ಟಣವನ್ನೂ ಹಕ್ಕಿಯ ಕಾಲಿನ ನೋಂದಣಿ ಉಂಗುರದ ನಂಬರಿರುವ ಕಾಗದವನ್ನೂ ಮೇಜಿನ ಮೇಲಿಟ್ಟಳು. ನೀರು ದಿನಾ ಬದಲಿಸಬೇಕು, ಸೌತೆಕಾಯಿ ವಾರಕ್ಕೆರಡು ಸಲ, ತಣ್ಣನೆ ಗಾಳಿ ಬಂದರೆ ಬಟ್ಟೆ ಹೊದಿಸಬೇಕು. ಇಷ್ಟು ಹೇಳಿ, ಬಟ್ಟೆ ಹೊದಿಸಬೇಡಿ ಎಂದು ತಿದ್ದಿದಳು, ಕಿಟಕಿ ಮುಚ್ಚಿ, ಸಾಕು. ತದಾವೊ ಎಲ್ಲವನ್ನೂ ಒಂದು ರೇಡಿಯೋ ನಕ್ಷೆಯ ಬೆನ್ನಿಗೆ ಬರೆದುಕೊಂಡರು. ಮೂರು ಅಡಾಪ್ಟರುಗಳು ಡ್ರಾಯರಿಗೆ ವಾಪಸಾದವು. ನಾಲ್ಕನೆಯದನ್ನು ಅವರು ಸ್ಪೀಕರಿನಿಂದ ಬಿಚ್ಚಲಿಲ್ಲ. ಮರೂಜುವಿಗೆಂದು ತಮ್ಮದೇ ಹಳೆಯ ಫೋನೊಂದನ್ನು ಹುಡುಕಿ ತಂದು ಅದರ ಬಾಯಿಗೆ ಸಿಕ್ಕಿಸಿ ಇಟ್ಟರು.

ಘಾಟಿ ಇಳಿಯುವಾಗ ಬಸ್ಸಿನ ಗಾಜಿಗೆ ಮಂಜು ಅಂಟಿಕೊಂಡಿತ್ತು. ದಾಲ್ವಾಳ ಮಡಿಲಲ್ಲಿ ಕಾಗದದ ಚೀಲವೊಂದೇ ಇತ್ತು, ಆದರೂ ತಿರುವು ಬಂದಾಗಲೆಲ್ಲ ಅವಳ ಮೊಣಕೈಗಳು ಪಂಜರವನ್ನು ತಡೆಯಲೆಂದು ಅಗಲವಾಗುತ್ತಿದ್ದವು.

ಮಾರನೆಯ ಬೆಳಿಗ್ಗೆ ಜುರಂದೀರ್ ಬಂದ. ಫೋನನ್ನು ಗೋಡೆಗೆ ಸಿಕ್ಕಿಸಿಯೇ ಕೇಳಬೇಕೆಂದು ತಾನೇ ಹಟಹಿಡಿದ. ಸ್ಪೀಕರಿಗೆ ಕಿವಿಯಿಟ್ಟು, ಬಾಯಿ ಅರ್ಧ ತೆರೆದು, ಬಹಳ ಹೊತ್ತು ಕೂತ.

"ಏನೂ ಇಲ್ಲ," ಎಂದ ಕೊನೆಗೆ. ಹೇಗೆ ಆರಿಸಿದೆ ಎಂದು ಕೇಳಿದ. ಕೇಳಿ ನೋಡಿ ಆರಿಸಿದೆ ಎಂದಳು ದಾಲ್ವಾ. ಅಣ್ಣ ತಂಗಿಯ ಮುಖವನ್ನು ನೋಡಿದ.

"ಬಾರಿನವನು ಏನಂದ?"

"ಅವನ ಹತ್ರ ಹೋಗ್ಲಿಲ್ಲ. ಒಳ್ಳೆ ಕಿವಿ ಇರೋರು ಸಿಕ್ಕಿದ್ರು."

ಅವನು ಕಾಫಿ ಕುಡಿದು ಹೋದಮೇಲೆ ಅವಳು ಫರೋಲನ ಹಾಡು ಹಾಕಿ, ಪೆಟ್ಟಿಗೆಯ ಸಣ್ಣ ಗಾಜಿಗೆ ಹಣೆ ತಾಗಿಸಿ ಕುಳಿತಳು. ಒಳಗೆ ಬೂದುಬೆಳಕು. ಮರಿ ಕೋಲಿನ ತುದಿಯಲ್ಲಿ ಪುಕ್ಕ ಉಬ್ಬಿಸಿಕೊಂಡು, ನಿದ್ದೆಯೋ ಎಚ್ಚರವೋ ತಿಳಿಯದಂತೆ ಕಣ್ಣು ಅರೆಮುಚ್ಚಿತ್ತು. ಒಂದು ಸುತ್ತು ಮುಗಿಯಿತು. ಎಂಟು ಸೆಕೆಂಡುಗಳ ಮೌನ ಬಂತು. ಆ ಮೌನದಲ್ಲಿ, ಕೊಕ್ಕು ಮುಚ್ಚಿಕೊಂಡೇ, ಕೇಳಿದ ಹಾಡನ್ನು ತನ್ನೊಳಗೇ ಹೇಳಿಕೊಳ್ಳುವಂತೆ, ಮರಿಯ ಗಂಟಲಿನ ಎಳೆಯ ಪುಕ್ಕಗಳು ನಡುಗತೊಡಗಿದವು.