ಕಾಂಟ್ರಾಕ್ಟ್ ಇಲ್ಲದ ಫೋನು

"ಬೆನ್ನು ಬಗ್ಸೇ, ಮುಂಡೇದೆ! ಹಣ್ಣೇನು ತಾನಾಗೇ ಹಾರಿ ನಿನ್ನ ಡಬ್ಬಿಗೆ ಬೀಳ್ತದಾ?"

ಏಜೆಂಟ್ ಬ್ರೆಟ್ ಕೂಗಿದ್ದು ಲೇಮಾರಾಳಿಗೆ. ಬೆಳಗಿನಿಂದ ಸ್ಟ್ರಾಬೆರಿ ಸಾಲಿನಲ್ಲಿ ಬಗ್ಗಿಯೇ ಇದ್ದವಳು ಒಮ್ಮೆ ಎದ್ದು ನಿಂತಿದ್ದು ಪಕ್ಕದ ಸಾಲಿನ ಕಾಲ್ತಾಕ್ ಮಾವನ ತೋಳು ನೋಡಲು. ಗಿಡಗಳಿಗೆ ಔಷಧಿ ಹೊಡೆದ ಮಾರನೆಯ ದಿನವೇ ಕೂಲಿಯವರನ್ನು ಹಣ್ಣು ಕೀಳಲು ಇಳಿಸಿದ್ದರು. ಮುದುಕನ ಮೊಣಕೈವರೆಗೂ ಬೊಬ್ಬೆ ಎದ್ದು ನೀರು ಸೋರುತ್ತಿತ್ತು. ಲೇಮಾರಾ ಫೋನು ತೆಗೆದು ಅದರದೊಂದು ಫೋಟೊ ಹೊಡೆದಳು. ಮಾಡಿದ ಪಾಪ ಅಷ್ಟೇ.

ಬ್ರೆಟ್ ಸಾಲು ದಾಟಿ ಬಂದು ಫೋನು ಕಿತ್ತುಕೊಂಡ.

"ಇದರ ಕಾಂಟ್ರಾಕ್ಟ್ ಯಾರ ಹೆಸರಲ್ಲೈತೆ?"

"ನಿಮ್ಮೆಸ್ರಲ್ಲೇ, ಬಾಸು."

"ಜ್ಞಾಪ್ಕ ಇರ್ಲಿ. ಏಯ್, ಎಲ್ಲಾ ಕೇಳ್ರೋ! ಇವ್ಳಿಗೆ ಯಾವನಾದ್ರೂ ಫೋನ್ ಕೊಟ್ರೆ ಅವನ್ದೂ ಹೋಯ್ತು."

ವನುವಾಟು ದ್ವೀಪಗಳಿಂದ ಹನ್ನೆರಡು ಜನರನ್ನು ಕೂಲಿಗೆ ತಂದವನು ಅವನೇ. ಕ್ವೀನ್ಸ್‌ಲ್ಯಾಂಡಿನಲ್ಲಿ ವಿಮಾನ ಇಳಿದ ದಿನವೇ ಒಬ್ಬೊಬ್ಬರ ಕೈಗೂ ಒಂದೊಂದು ಫೋನು ಇಟ್ಟು, ಜೋಪಾನವಾಗಿರಲಿ ಎಂದು ಪಾಸ್‌ಪೋರ್ಟುಗಳನ್ನು ಒಯ್ದು ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿದ್ದ. ಫೋನೂ ಅವನ ಕಾಂಟ್ರಾಕ್ಟಿನದು, ಆಳುಗಳೂ ಅವನ ಕಾಂಟ್ರಾಕ್ಟಿನವರು.

ಲೇಮಾರಾಳ ಮಗಳು ಮೆರೆಲಿನ್‌ಗೆ ಏಳು ವರ್ಷ. ಪ್ರತಿ ಭಾನುವಾರ ಇಗರ್ಜಿ ಬಿಟ್ಟ ಮೇಲೆ ಅಜ್ಜಿಯ ಕೈ ಹಿಡಿದು ಗುಡ್ಡ ಹತ್ತುತ್ತಾಳೆ. ಅವರ ಊರಲ್ಲಿ ಸಿಗ್ನಲ್ ಸಿಗುವುದು ಅಲ್ಲಿರುವ ದೀವಿಹಲಸಿನ ಮರದ ಕೆಳಗೆ ಮಾತ್ರ. ಬ್ರೆಟ್ ಫೋನು ಕಿತ್ತುಕೊಂಡ ಮೇಲೆ ಎರಡು ಭಾನುವಾರ ಅಲ್ಲಿ ಕೂತು ಕಾದು, ಫೋನು ಬಾರದೆ ಇಳಿದಿದ್ದಳು. ಕಾಲ್ತಾಕ್ ಮಾವನಿಗೆ ಅವನ ಹೆಂಡತಿ ಸುದ್ದಿ ಹೇಳಿದ್ದಳು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಎರಡು ದಿನ ಒದ್ದಾಡಿದ ಮಾವ, ಕೊನೆಗೆ ಮುಖ ತಿರುಗಿಸಿಕೊಂಡು ಹೇಳಿದ್ದ: "ಕೂಸು ಅಜ್ಜೀನ ಕೇಳ್ತಂತೆ ಕಣವ್ವಾ, ಅಮ್ಮ ಸತ್ತೋದ್ಲಾ ಅಂತ. ಇಲ್ಲ ಅಂದ್ರೂ ನಂಬ್ತಿಲ್ವಂತೆ."

ಶನಿವಾರ ಕೂಲಿಯವರನ್ನು ಒಂದು ಗಂಟೆ ಪೇಟೆಗೆ ಬಿಡುತ್ತಿದ್ದರು. ಅಕ್ಕಿಗೂ ಡಬ್ಬಿ ಮೀನಿಗೂ ಮಾವನನ್ನು ಸಾಲಿನಲ್ಲಿ ನಿಲ್ಲಿಸಿ, ಲೇಮಾರಾ ಅದೇ ಅಂಗಡಿಯಲ್ಲಿ ಫೋನುಗಳನ್ನು ನೇತುಹಾಕಿದ್ದ ಗೋಡೆಯ ಮುಂದೆ ನಿಂತಳು. ಮೂರು ಕ್ಯಾಮೆರಾ ಇದ್ದದ್ದನ್ನು ಮುಟ್ಟಿ ಬಿಟ್ಟಳು. ಕೆಳಗಿನ ಕೊಕ್ಕೆಯಲ್ಲಿ ಎಲ್ಲಕ್ಕಿಂತ ಅಗ್ಗದ್ದೊಂದು ಇತ್ತು. ಅದರ ಗಾಜಿಗೆ ಅಂಗೈ ಇಟ್ಟು ಅಳೆದಳು. ಮಗಳ ಮುಖ ಹಿಡಿಯುತ್ತದೆ, ಸಾಕು.

ಅಷ್ಟರಲ್ಲಿ ಬಂದ ಮಾವ ಡಬ್ಬದ ಮೇಲಿನ ದಪ್ಪ ಅಕ್ಷರ ಕೂಡಿಸಿ ಓದಿ ಬೆಚ್ಚಿಬಿದ್ದ.

"ನೋ ಕಾಂಟ್ರಾಕ್ಟ್! ಇಡವ್ವಾ, ಅಲ್ಲೇ ಇಡು. ಇದು ಓಡೋದೋರ ಫೋನು!"

ಅವರ ಗುಡಿಸಲುಗಳಲ್ಲಿ ಆ ಮಾತಿಗೆ ಇದ್ದದ್ದು ಅದೊಂದೇ ಅರ್ಥ. ಹೋದ ವರ್ಷ ಅವರ ಜೊತೆಯ ಕೂಲಿ ಯೋವೆಲ್ ಬೇಲಿ ಹಾರಿದಾಗ ಬ್ರೆಟ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದ: ಯೋವೆಲ್ ಈಗ ನೋ ಕಾಂಟ್ರಾಕ್ಟ್, ಪೊಲೀಸರು ಕೋಳ ಹಾಕಿ ವಿಮಾನ ಹತ್ತಿಸುತ್ತಾರೆ, ಅವನ ಊರಿನವರು ಯಾರೂ ಇನ್ನು ಈ ಕಡೆ ತಲೆ ಹಾಕುವಂತಿಲ್ಲ.

ಅಂಗಡಿಯ ಹುಡುಗಿ ಹತ್ತಿರ ಬಂದಳು. ಲೇಮಾರಾ ಹೆದರುತ್ತಲೇ ಆ ಅಕ್ಷರ ತೋರಿಸಿದಳು.

"ಅಯ್ಯೋ, ಅದಾ? ನೀವು ಯಾರಿಗೂ ಕಟ್ಟುಬಿದ್ದಿಲ್ಲ ಅಂತ ಅಷ್ಟೇ. ಮೊದ್ಲೇ ದುಡ್ಡು ಹಾಕ್ಕೊಳ್ಳಿ, ಮಾತಾಡಿ. ಬೇಡ ಅನ್ಸಿದ್ರೆ ಬಿಟ್ಬಿಡಿ. ಯಾರೂ ಏನೂ ಕೇಳಲ್ಲ."

ಮಾವನಿಗೆ ನಗು ತಡೆಯಲಾಗಲಿಲ್ಲ. "ಕೇಳಿದ್ಯಾ? ಬಿಟ್ಟೋದ್ರೂ ಯಾರೂ ಕೇಳಲ್ವಂತೆ! ದೇವ್ರು ನಮ್ಮನ್ನೂ ಫೋನಾಗಿ ಹುಟ್ಟಿಸ್ಬಾರ್ದಿತ್ತಾ?"

ಹುಡುಗಿಗೆ ಅರ್ಥವಾಗಲಿಲ್ಲ. ಅವಳೂ ನಕ್ಕಳು. ಲೇಮಾರಾ ಆ ಫೋನನ್ನೇ ಕೊಂಡಳು.

ಗುಡಿಸಲಿಗೆ ಬಂದು ಸಿಮ್ ಹಾಕಿದರೆ ಅದು ಪಾಸ್‌ಪೋರ್ಟಿನ ನಂಬರು ಕೇಳಿತು.

ಬ್ರೆಟ್ ಆಫೀಸಿನಲ್ಲಿ ಮೇಜಿನ ಮೇಲೆ ಬೂಟುಗಾಲು ಚಾಚಿ ಏನೋ ತಿನ್ನುತ್ತಿದ್ದ.

"ಅಲ್ಲೇ ನಿಲ್ಲು. ಕಾಲೆಲ್ಲ ಮಣ್ಣು."

"ಪಾಸ್‌ಪೋರ್ಟ್ ನಂಬರು ಬೇಕಾಗಿತ್ತು ಬಾಸು. ಬರ್ಕೊಂಡು ಕೊಟ್ಬಿಡ್ತೀನಿ."

ಅವನು ಡಬ್ಬ ಇಸಿದುಕೊಂಡು ತಿರುಗಿಸಿ ನೋಡಿದ. "ನೋ ಕಾಂಟ್ರಾಕ್ಟ್! ಓಹೋ, ಯಾರಿಗ್ ಫೋನ್ ಮಾಡ್ಬೇಕೇ ನೀನು? ಯೂನಿಯನ್ನೋರಿಗಾ? ಆ ಯೋವೆಲ್ ಬೋಳಿಮಗಂಗಾ?"

"ಮಗ್ಳಿಗೆ."

"ಮಗ್ಳಿಗೆ! ತಾ ಇಲ್ಲಿ, ನನ್ ಹೆಸರಿಗೇ ಮಾಡ್ಕೊಡ್ತೀನಿ. ಯಾರ್ಗೆ ಎಷ್ಟೊತ್ತು ಮಾತಾಡ್ತೀಯೋ ನಾನೂ ನೋಡ್ತೀನಿ."

ಹೂಂ ಅಂದಿದ್ದರೆ ನಾಳೆ ಮಗಳ ದನಿ ಕೇಳಬಹುದಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬ್ಯಾಡ ಬಾಸು. ನನ್ನೆಸ್ರಲ್ಲೇ ಇರ್ಲಿ."

ಬ್ರೆಟ್ ಡಬ್ಬವನ್ನು ಬಾಗಿಲಾಚೆ ಎಸೆದ. "ಹಂಗಾದ್ರೆ ಕೊರಳಿಗೆ ಕಟ್ಕೊಂಡು ಕುಣಿ ಹೋಗು. ನಾಳೆ ರಜಾ ಇಲ್ಲ, ಎಲ್ರಿಗೂ ಹೇಳು. ನಿನ್ನಿಂದ ಅಂತ್ಲೂ ಹೇಳು."

ಭಾನುವಾರ ಬೆಳಕು ಹರಿಯುವ ಮುಂಚೆಯೇ ವ್ಯಾನು ಅವರನ್ನು ಒಂದು ಹೊಸ ತೋಟಕ್ಕೆ ಒಯ್ದು ಇಳಿಸಿತು. ಯಾರೂ ಲೇಮಾರಾಳ ಜೊತೆ ಮಾತಾಡಲಿಲ್ಲ. ಬಿಸಿಲೇರಿತು. ಈಗ ಇಗರ್ಜಿ ಬಿಟ್ಟಿರುತ್ತದೆ, ಕೂಸು ಗುಡ್ಡ ಹತ್ತುತ್ತಿರುತ್ತದೆ ಎಂದುಕೊಂಡಳು. ಬ್ರೆಟ್ ಎಸೆದಲ್ಲಿಂದ ಹೆಕ್ಕಿ ತಂದಿದ್ದ ಫೋನು ತೆಗೆದಳು. ಗಾಜಿನ ಮೇಲೆ ಒಂದೇ ಸಾಲು: ತುರ್ತು ಕರೆ ಮಾತ್ರ. ಆ ದೇಶದ ತುರ್ತು ನಂಬರು ಮೂರು ಸೊನ್ನೆ; ಮೂರು ಸಲ ಸೊನ್ನೆ ಒತ್ತಿದಳು.

"ಪೊಲೀಸಾ, ಬೆಂಕಿಯವರಾ, ಆಂಬುಲೆನ್ಸಾ?" ಒಂದು ಹೆಂಗಸಿನ ದನಿ ಕೇಳಿತು.

ಮಾವ ಬುಟ್ಟಿ ಬಿಸಾಡಿ ಓಡಿಬಂದು ಅವಳ ಕೈ ಹಿಡಿದ. "ಹುಚ್ಚೀ, ಮಡುಗು! ಎಲ್ರುನ್ನೂ ನೋ ಕಾಂಟ್ರಾಕ್ಟ್ ಮಾಡ್ಬಿಡ್ತಾನೆ!"

"ಪೊಲೀಸು," ಅಂದಳು ಲೇಮಾರಾ. ಪೊಲೀಸಿನವಳೊಬ್ಬಳ ದನಿ ಬಂದೊಡನೆ ಹೇಳಿದಳು: "ನಮ್ಮ ಪಾಸ್‌ಪೋರ್ಟು ಅವ್ನ ಹತ್ರ ಐತೆ. ನಮ್ಮ ಮಾವನ ತೋಳು ಕೊಳೀತಾ ಐತೆ. ನನ್ನ ಮಗ್ಳು ನಾನು ಸತ್ತೋದೆ ಅಂದ್ಕೊಂಡವ್ಳೆ."

"ನೀವು ಎಲ್ಲಿದ್ದೀರಿ, ಅಮ್ಮಾ?"

ಅವಳು ಪೇಟೆಯ ಹೆಸರು ಹೇಳಿದಳು.

"ಆ ಪೇಟೆ ಸುತ್ತ ತುಂಬಾ ತೋಟ ಇವೆ. ಯಾವ ತೋಟ? ಯಾವ ರಸ್ತೆ?"

ಲೇಮಾರಾ ತಲೆ ಎತ್ತಿದಳು. ಕಣ್ಣು ಹರಿದಷ್ಟು ದೂರ ಪ್ಲಾಸ್ಟಿಕ್ ಹೊದೆಸಿದ ಸಾಲುಗಳು. ಒಂದು ಬೋರ್ಡಿಲ್ಲ, ಒಂದು ಮನೆಯಿಲ್ಲ.

"ಮಾವಾ, ನಾವೆಲ್ಲಿದೀವಿ?"

ಮಾವ ಅವಳ ಕೈ ಬಿಟ್ಟು ಸುತ್ತ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ನಿಂತು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ದೂರದಲ್ಲಿ ಬ್ರೆಟ್‌ನ ಗಾಡಿ ಧೂಳೆಬ್ಬಿಸಿಕೊಂಡು ಈ ಕಡೆಗೇ ಬರುತ್ತಿತ್ತು.

"ಅಮ್ಮಾ, ಎಲ್ಲಿದ್ದೀರಿ ಹೇಳಿ?"

"ಇಲ್ಲಿ!" ಲೇಮಾರಾ ಗಂಟಲು ಹರಿಯುವಂತೆ ಕೂಗಿದಳು. "ಇಲ್ಲೇ ಇದೀವಿ ಕಣವ್ವಾ, ಇಲ್ಲೇ!"